ಹಿಂದೆ ಬಂದ ಹಳ್ಳ

ದೆವ್ವಕ್ಕೆ ಹೆದರುವ ಆಸಾಮಿ ನಾನಲ್ಲ ಕಣ್ರೋ. ನನ್ನ ಗೊರಕೆ ಕೇಳಿ ಊರು ಬಿಟ್ಟ ದೆವ್ವಗಳಿವೆ, ಬೇಕಾದರೆ ನಿಮ್ಮ ಚಿಕ್ಕಮ್ಮನನ್ನು ಕೇಳಿ. ಆದರೆ ಇದು ನನಗಾದದ್ದಲ್ಲ, ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ಹಾಗಾಗಿ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಅವನನ್ನು ನಾವು ಚಿಲಕದಣ್ಣ ಅಂತಿದ್ದೆವು. ಬಾಯಿ ಮುಚ್ಚಿದರೆ ತೆಗೆಯುವವನಲ್ಲ. ಬೆಟ್ಟದ ಮೇಲೊಂದು ಪುಟ್ಟ ಹಳ್ಳ, ಹಳ್ಳಕ್ಕೊಂದು ಒಡ್ಡು, ಒಡ್ಡಿನಿಂದ ನೀರು ಪೈಪಿನಲ್ಲಿ ಬಾಟಲಿ ಫ್ಯಾಕ್ಟರಿಗೆ. ಒಡ್ಡಿನ ಹಲಗೆ ಏರಿಸಿ ಇಳಿಸುವುದು ಅಣ್ಣನ ಕೆಲಸ. ಎಂಥಾ ಬೇಸಿಗೆಯಲ್ಲೂ ಹಲಗೆಯನ್ನು ನಾಲ್ಕು ಬೆರಳು ಎತ್ತಿಯೇ ಇಡಬೇಕು ಅಂತ ಕಟ್ಟಳೆ. ಆ ನಾಲ್ಕು ಬೆರಳು ನೀರು ಹಳ್ಳದ ಪಾಲು. ಅದರಲ್ಲೇ ಕೆಳಗಿನ ಮೀನು, ಏಡಿ, ಕಪ್ಪೆ ಎಲ್ಲದರ ಸಂಸಾರ ನಡೀಬೇಕು.

ಆ ಬೇಸಿಗೆಯಲ್ಲಿ ಮ್ಯಾನೇಜರ್ ಫೋನ್ ಮಾಡಿದ.

"ಹಲಗೆ ಪೂರ್ತಿ ಇಳಿಸಯ್ಯಾ."

"ಸಾರ್, ಹಳ್ಳ ಒಣಗುತ್ತೆ."

"ಹಳ್ಳ ಕೊಡುತ್ತಾ ನಿಂಗೆ ಸಂಬಳ?"

ಮನೆಯಲ್ಲಿ ಅಂಬೆಗಾಲಿಡುವ ಕೂಸು. ಇದ್ದ ಮನೆಯೂ ಫ್ಯಾಕ್ಟರಿಯದ್ದೇ. ಅಣ್ಣ ಹಲಗೆ ಇಳಿಸಿದ. ಖಟ್... ಅಂತ ಕೂತಿತು.

ಕತ್ತಲಾದ ಮೇಲೆ ಮನೆಗೆ ಹೊರಟ. ದಾರಿಯುದ್ದಕ್ಕೂ ಎಡಗಡೆ ಹಳ್ಳ. ದಿನಾ ಅದರ ಮಾತು ಕೇಳಿಕೊಂಡೇ ಬರುವವನು. ಆವತ್ತು ಗಪ್‌ಚುಪ್. ಕಪ್ಪೆಯಿಲ್ಲ, ಜೀರುಂಡೆಯಿಲ್ಲ. ಅವನ ಚಪ್ಪಲಿ ಮಾತ್ರ... ಚಟ್, ಚಟ್. ಆಲದಮರ ದಾಟಿದ.

ಜುಳು... ಜುಳು ಜುಳು...

ಹಳ್ಳದಲ್ಲಲ್ಲ. ಹಿಂದೆ. ರಸ್ತೆಯ ಮೇಲೆ.

ತಿರುಗಿ ಟಾರ್ಚ್ ಬಿಟ್ಟ. ಬರೀ ಧೂಳು. ನಾವು ನಿಂತರೆ ಹಿಂದಿನ ಸದ್ದೂ ನಿಲ್ಲಬೇಕು, ಮರ್ಯಾದಸ್ಥ ದೆವ್ವಗಳ ಪದ್ಧತಿ ಅದು. ಇದು ನಿಲ್ಲಲಿಲ್ಲ. ಹರಿಯುತ್ತಾ ಬಂದು, ಅವನ ಪಾದದ ಹತ್ತಿರ ಎರಡಾಗಿ ಸೀಳಿಕೊಂಡು, ಕಲ್ಲನ್ನು ಬಳಸಿದ ಹಾಗೆ ಅವನನ್ನು ಬಳಸಿ, ಆಚೆ ಮತ್ತೆ ಒಂದಾಯಿತು. ಹೋಯಿತು... ಅವನ ಮನೆ ಕಡೆಗೇ.

ನಾನಾಗಿದ್ದರೆ ಅಲ್ಲೇ ಬಗ್ಗಿ ಮುಖ ತೊಳೆದುಕೊಂಡು ಬರ್ತಿದ್ದೆ. ಅಣ್ಣ ಓಡಿದ.

ಮನೆಯಲ್ಲಿ ದೀಪ ಆರಿಸಿ ಮಲಗಿದರು. ಸ್ವಲ್ಪ ಹೊತ್ತಿಗೆ ಅತ್ತಿಗೆ ಪಿಸುಗುಟ್ಟಿದರು.

"ರೀ... ನಲ್ಲಿ ಬಿಟ್ಟು ಬಂದ್ರಾ?"

"ಇಲ್ಲ ಕಣೇ."

"ಮತ್ತೆ ಇದು...?"

"ಮಲಗು ಸುಮ್ನೆ."

"ಮಂಚದ ಕೆಳಗೇ ಇದೆಯಲ್ರೀ..."

ಅಣ್ಣ ಕೈ ಇಳಿಬಿಟ್ಟು ನೆಲ ಸವರಿದ. ಒಣಗಿತ್ತು.

ಬೆಳಗ್ಗೆ ಸದ್ದಿಲ್ಲ. ಹಳ್ಳಕ್ಕೆ ಹೋಗಿ ನೋಡಿದರೆ ಕಲ್ಲುಗಳೆಲ್ಲ ಬೆಳ್ಳಗೆ ಬಿದ್ದುಕೊಂಡಿವೆ. ಒಂದು ಗುಂಡಿಯಲ್ಲಿ ಬೊಗಸೆಯಷ್ಟು ನೀರು, ಅದರಲ್ಲಿ ಮೀನುಗಳು ಮಗ್ಗುಲಾಗಿ ಬಾಯಿ ಬಿಡ್ತಿವೆ. ಅಣ್ಣ ನೋಡಿದ. ಹಲಗೆ ಮುಟ್ಟಲಿಲ್ಲ. ಕೆಲಸ ಹೋಗುವ ಭಯ ದೆವ್ವದ ಭಯಕ್ಕಿಂತ ದೊಡ್ಡದು ಕಣ್ರೋ, ಅದಕ್ಕೆ ಮಾತ್ರ ನಾನೂ ಹೆದರ್ತೀನಿ.

ಆ ರಾತ್ರಿ ಸದ್ದು ಏರಿತ್ತು. ನೆಲದಲ್ಲಿದ್ದದ್ದು ಮೇಲೆ ಬಂದು ಮಂಚದ ತಳಕ್ಕೆ ಬಡೀತಿದೆ... ಗುಳುಂ, ಗುಳುಂ. ಕೂಸು ಎಚ್ಚರವಾಗಿತ್ತು. ಅಳ್ತಿಲ್ಲ. ಮಂಚದಿಂದ ಕೈ ಕೆಳಗೆ ಬಿಟ್ಟು ಆಡಿಸ್ತಾ, ಕಿಲಕಿಲ ನಗ್ತಿದೆ. ಅತ್ತಿಗೆ ಆ ಕೈ ಹಿಡಿದು ಎಳೆದುಕೊಂಡರು.

ಮೊಣಕೈವರೆಗೆ ಒದ್ದೆ.

"ಏನ್ ಮಾಡಿ ಬಂದ್ರಿ?" ಅಂದರು ಅತ್ತಿಗೆ. ದನಿಯೇ ಇಲ್ಲ, ಬರೀ ಉಸಿರು.

"ಹಲಗೆ ಇಳಿಸಿದೆ."

"ಹೋಗಿ ಎತ್ತಿ."

"ಕೆಲಸ ಹೋಗುತ್ತೆ ಕಣೇ. ಮನೆಯೂ..."

"ಇದು ಇನ್ನೊಂದು ಗೇಣು ಏರಿದ್ರೆ ಮಗು ಹೋಗುತ್ತೆ!"

ಅತ್ತಿಗೆ ಕೂಸನ್ನು ಎದೆಗವಚಿಕೊಂಡು ಮೇಜು ಹತ್ತಿ ನಿಂತರು. ಅಣ್ಣ ಒಡ್ಡಿನ ತನಕ ಒಂದೇ ಓಟ. ಹಲಗೆ ಜಪ್ಪಯ್ಯ ಅಂದರೂ ಏಳಲಿಲ್ಲ. ಹಾರೆ ಕೊಟ್ಟು ಮೀಟಿದ. ಕಿರ್ರ್ರ್... ನಾಲ್ಕು ಬೆರಳು ಎದ್ದಿತು. ನೀರು ಕೆಳಗೆ ನುಗ್ಗಿತು.

ಸದ್ದೇ ಇಲ್ಲ.

ಟಾರ್ಚಿನ ಬೆಳಕಲ್ಲಿ ನೀರು ಕಲ್ಲಿಗೆ ಬಡಿಯುವುದು ಕಾಣುತ್ತೆ, ಹತ್ತಿ ಬಿದ್ದ ಹಾಗೆ. ಅಣ್ಣ ಹಾರೆ ಹಿಡಿದೇ ನಿಂತ. ಆಮೇಲೆ ದೂರದಲ್ಲಿ, ಕೆಳಗೆ, ರಸ್ತೆಯಲ್ಲಿ... ಜುಳು ಜುಳು ಜುಳು. ಮೇಲಕ್ಕೆ ಹತ್ತಿ ಬರ್ತಿದೆ. ಆಲದಮರ ದಾಟಿತು. ಅವನ ಕಾಲನ್ನು ಬಳಸಿತು. ದಡದಿಂದ ಹಳ್ಳಕ್ಕೆ ಧುಮುಕಿತು. ಆಗ ನೋಡಿ, ಹಳ್ಳಕ್ಕೆ ಬಾಯಿ ಬಂತು. ಎಲ್ಲೋ ಒಂದು ಕಪ್ಪೆ... ವಟರ್.

ಮ್ಯಾನೇಜರ್ ಬೆಳಗ್ಗೆಯೇ ಬಂದು ಕೆಲಸ ಬಿಡಿಸಿದ. ಯಾಕೆ ಎತ್ತಿದೆ ಅಂತ ಎಷ್ಟು ಕೂಗಾಡಿದರೂ ಅಣ್ಣ ಬಾಯಿ ತೆಗೆಯಲಿಲ್ಲ. ಈಗ ಪೇಟೆಯಲ್ಲಿ ಹಾಲಿನ ವ್ಯಾನ್ ಓಡಿಸ್ತಾನೆ. ಬಾಡಿಗೆ ಮನೆ ಮೂರನೇ ಮಹಡಿಯಲ್ಲೇ ಬೇಕು ಅಂತ ಹಟ ಹಿಡಿದು ಹುಡುಕಿದ.

ನಗ್ತೀರಾ? ನಗಿ ನಗಿ. ಅವನ ಜಾಗಕ್ಕೆ ಬಂದ ಹೊಸಬ ಅದೇ ಮನೆಯಲ್ಲಿದ್ದಾನೆ. ಗಟ್ಟಿ ಆಳು, ದೆವ್ವ ಗಿವ್ವ ನಂಬಲ್ಲ. ಹೋದ ವಾರ ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಒಳಗೆ ಹೋಗಿದ್ದೆ. ಅವನ ಮಂಚದ ಒಂದೊಂದು ಕಾಲಿನ ಕೆಳಗೂ ಎರಡೆರಡು ಇಟ್ಟಿಗೆ.

"ಯಾಕಯ್ಯಾ ಇದು?" ಅಂದೆ.

"ಬೆನ್ನುನೋವು," ಅಂದ.

ಇವತ್ತು ಸಂಜೆ ಇಲ್ಲಿಗೆ ಬರುವಾಗ ಹಳ್ಳ ದಾಟಿದೆ. ಚಪ್ಪಲಿ ನೆನೆಯಲಿಲ್ಲ. ಹಾಗೇ ಅವನ ಕಿಟಕಿಯಲ್ಲಿ ಇಣುಕಿದೆ. ನನ್ನ ಬೇರೆ ಮಾತು ನಂಬಬೇಡಿ, ಇದೊಂದನ್ನು ನಂಬಿ, ಈ ಎರಡು ಕಣ್ಣಲ್ಲೇ ನೋಡಿದ್ದು.

ಇಟ್ಟಿಗೆ ಐದೈದು ಇದ್ದವು.