ಕಣ್ಣಿಗೊತ್ತಿಕೊಂಡ ಚೀಟಿ

ಅಧ್ಯಕ್ಷರಾದ ಕರ್ನಲ್ ಇಸ್ಮತುಲ್ಲಾ ಸಾಹೇಬರೇ, ಕಾಬೂಲಿನಿಂದ ಬಂದ ಅತಿಥಿಗಳೇ, ಇಂದು ಪೊಲೀಸರಾಗಲಿರುವ ನನ್ನ ಶಿಷ್ಯರೇ, ಸಭಿಕರೇ,

ನಾನು ಸುಳ್ಳು ಬರೆದಿದ್ದೇನೆ. ಹಿಂದಿನ ತಂಡದ ನಲವತ್ತು ಜನಕ್ಕೂ ಓದು ಬರುತ್ತದೆ ಎಂದು ರುಜು ಹಾಕಿದವನು ನಾನು. ಬರುತ್ತಿದ್ದದ್ದು ಒಂಬತ್ತು ಜನಕ್ಕೆ.

ಗೋಡೆಯ ಮೇಲಿನ ಗ್ರಾಫ್ ನೋಡಿ. 'ಓದಬಲ್ಲ ಪೊಲೀಸರು' ಎಂಬ ಹಸಿರು ಗೆರೆ ತಿಂಗಳು ತಿಂಗಳೂ ಏರಿದೆ. ಏರಿಸಿದವರಾರು? ಪರೀಕ್ಷೆಗೆ ಇದ್ದದ್ದು ಒಂದೇ ಪುಟ. ಮಸೀದಿಯಲ್ಲಿ ಅರ್ಥ ತಿಳಿಯದೆಯೇ ಬಾಯಿಪಾಠ ಮಾಡಿ ಬೆಳೆದ ನಮಗೆ ಒಂದು ಪುಟ ಯಾವ ಲೆಕ್ಕ? ತೋರ್‌ಗುಲ್ ಎಂಬ ಶಿಷ್ಯ ಸಾಲಿನ ಕೆಳಗೆ ಬೆರಳಿಟ್ಟು ಗಡಗಡ ಒಪ್ಪಿಸಿದ. ನಾನು ಪುಸ್ತಕದ ಬೇರೆ ಪುಟ ತಿರುವಿದೆ. ಮತ್ತೆ ಅದನ್ನೇ ಒಪ್ಪಿಸಿದ!

"ನಿಮ್ ಪುಟ ಬದಲಾದ್ರೆ ನಾನೇನ್ ಮಾಡ್ಲಿ ಮೇಷ್ಟ್ರೇ? ನಾನು ಮಾತು ಬದಲಾಯ್ಸೋನಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ರುಜು ಹಾಕಿದೆ. ಗೆರೆ ಏರಿದ್ದಕ್ಕೆ ಕರ್ನಲ್ ಸಾಹೇಬರು ನನ್ನ ಬೆನ್ನು ತಟ್ಟಿದರು. ನನ್ನಪ್ಪ ಒಮ್ಮೆಯೂ ತಟ್ಟದ ಬೆನ್ನು ಅದು. ಇರಲಿ.

ಎರಡು ತಿಂಗಳ ಹಿಂದೆ, ಲೋಗರ್ ರಸ್ತೆಯ ಠಾಣೆಯಲ್ಲಿ ಒಬ್ಬ ಮುದುಕ ತೋರ್‌ಗುಲ್‌ನ ಕೈಗೆ ಮಡಿಸಿದ ಚೀಟಿ ತುರುಕಿ, ಯಾರಾದರೂ ಕಂಡಾರೆಂದು ಅತ್ತಿತ್ತ ನೋಡುತ್ತ ಸರಸರ ನಡೆದ. ತಾಯತದ ಚೀಟಿ ಎಂದುಕೊಂಡ ಇವನು. ಮುತ್ತಿಟ್ಟು, ಕಣ್ಣಿಗೊತ್ತಿಕೊಂಡು, ಎದೆಯ ಜೇಬಿನಲ್ಲಿಟ್ಟು ಸೇತುವೆಯ ಕಾವಲಿಗೆ ಹೊರಟ.

ಆಸ್ಪತ್ರೆಯಲ್ಲಿ ಅವನ ಮಂಡಿಯಿಂದ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು.

"ಒಳ್ಳೇ ತಾಯತ ಮೇಷ್ಟ್ರೇ, ಜೀವ ಉಳಿಸ್ತು. ಏನ್ ಬರ್ದಿದೆ, ಸ್ವಲ್ಪ ಓದಿ."

ಬರೆದದ್ದು ಇಷ್ಟು: "ಮಗಾ, ಇವತ್ತು ಸೇತುವೆ ಹತ್ರ ಹೋಗ್ಬೇಡ. ಕೆಳಗೆ ಬಾಂಬ್ ಇಟ್ಟವ್ರೆ."

"ದೇವರು ಕಾಯಲಿ ಅಂತ ದುವಾ ಬರೆದಿದೆ" ಎಂದೆ. ಅದು ನನ್ನ ಎರಡನೆಯ ಸುಳ್ಳು. ಮೂರನೆಯದು ಬೇಡ.

ಇಂದಿನ ಮೂವತ್ತಾರು ಜನರಲ್ಲಿ ಹನ್ನೊಂದು ಜನಕ್ಕೆ ಓದು ಬರುತ್ತದೆ. ಉಳಿದ ಇಪ್ಪತ್ತೈದು ಜನರ ಪ್ರಮಾಣಪತ್ರಗಳಿಗೆ ನಾನು ರುಜು ಹಾಕಿಲ್ಲ, ಹಾಕುವುದೂ ಇಲ್ಲ. ರುಜು ಇಲ್ಲದೆ ಯಾರನ್ನೂ ಠಾಣೆಗೆ ಕಳಿಸುವಂತಿಲ್ಲ ಎಂಬ ನಿಯಮ ತಮ್ಮದೇ, ಸಾಹೇಬರೇ. ಗೆರೆ ಇಳಿಯುತ್ತದೆ. ಇಳಿಯಲಿ! ನನ್ನನ್ನು ತೆಗೆದುಹಾಕುವ ಅಧಿಕಾರ ತಮಗಿದೆ. ಆದರೆ ಇವರಿಗೆ ಇನ್ನು ಎರಡು ತಿಂಗಳು ಕೊಡಿ.

ಅಣ್ಣತಮ್ಮಂದಿರೇ, ತಲೆ ತಗ್ಗಿಸಬೇಡಿ, ತಪ್ಪಿದವರು ನೀವಲ್ಲ. ಕಹಿ ಮಾತನ್ನು ಕೂತು ಕೇಳಿದ ಎಲ್ಲರಿಗೂ ನನ್ನ ಕೃತಜ್ಞತೆ, ನಮಸ್ಕಾರ. ಇಪ್ಪತ್ತೈದು ಜನವೂ ಪಾಠಕ್ಕೆ ಊಟದ ಕೋಣೆಗೆ ಬನ್ನಿ. ನನ್ನನ್ನು ಗೇಟಿನೊಳಗೆ ಬಿಡದಿದ್ದರೆ, ಎದುರಿನ ರೊಟ್ಟಿ ಅಂಗಡಿಯ ಕಟ್ಟೆಯ ಮೇಲಿರುತ್ತೇನೆ. ಶನಿವಾರ, ಬೆಳಿಗ್ಗೆ ಆರು ಗಂಟೆಗೆ.