ಇಪ್ಪತ್ತನೆಯ ದಿನದ ಕಾವು

ಹಕ್ಕಿಜ್ವರ ಹರಡಿ, ಊರಿನ ಕೋಳಿಗಳನ್ನೆಲ್ಲ ಕೊಲ್ಲಬೇಕೆಂದು ಆದೇಶವಾಗಿತ್ತು. ಮನೆಯ ಕೋಳಿಗಳ ಲೆಕ್ಕ ಬರೆಸಲು ಪಶು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದ ದರ್ಜಿ ಹೆಂಗಸಿಗೆ ಮುಂದಿದ್ದ ಅತ್ತಿಗೆ ನಾದಿನಿಯರ ಪಿಸುಮಾತು ಕೇಳಿಸುತ್ತಿತ್ತು.

"ಕಾವಿಗೆ ಕೂತಿರೋದನ್ನ ಬರೆಸಬೇಡಿ ಅತ್ತಿಗೆ. ಇವತ್ತಿಗೆ ಇಪ್ಪತ್ತು ದಿನ, ನಾಳೆ ಮರಿ ಆಗ್ತವೆ."

"ಮನೆಗೇ ಬಂದು ಹುಡುಕ್ತಾರಲ್ಲೇ."

"ಬುಟ್ಟಿ ಸಮೇತ ಅಟ್ಟದ ಮೇಲಿಟ್ಟಿದ್ದೀನಿ. ಅದು ಸದ್ದೇ ಮಾಡಲ್ಲ."

"ಕಾಳು ತಿನ್ತಿದ್ಯಾ?"

"ಎರಡು ದಿನದಿಂದ ಮುಟ್ಟಿಲ್ಲ. ಕಾವಿನ ಕೋಳಿ ತಿನ್ನೋದೇ ಕಮ್ಮಿ ಅಲ್ವಾ?"

"ಜುಟ್ಟು ಹೇಗಿದೆ?"

ನಾದಿನಿ ತಡೆದು ಹೇಳಿದಳು. "ಸ್ವಲ್ಪ ನೀಲಿಗಟ್ಟಿದೆ."

"ಅದಕ್ಕೆ ನೀರಿಡೋದು ಯಾರು?"

"ನಮ್ಮ ಪುಟ್ಟೀನೇ. ತೊಡೆ ಮೇಲೆ ಕೂರಿಸ್ಕೊಂಡು ಕುಡಿಸ್ತಾಳೆ."

"ಪುಟ್ಟಿಗೆ ನಿನ್ನೆಯಿಂದ ಜ್ವರ ಅಂದ್ಯಲ್ಲೇ!"

ದರ್ಜಿ ಹೆಂಗಸು ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು.

"ಮೊಟ್ಟೆ ಕಿವಿಗೆ ಹಿಡಿದ್ರೆ ಒಳಗಿಂದ ಚಿಂವ್ ಅಂತವೆ ಅತ್ತಿಗೆ," ಎಂದು ನಾದಿನಿ ಅಳತೊಡಗಿದಳು. "ಹನ್ನೊಂದೂ."

ಅಷ್ಟರಲ್ಲಿ ಕಿಟಕಿಯೊಳಗಿನ ಗುಮಾಸ್ತ ಎಷ್ಟೆಂದು ಕೇಳಿದ.

"ಏಳು ಕೋಳಿ," ಎಂದಳು ಅತ್ತಿಗೆ. "ಕಾವಿಗೆ ಕೂತಿರೋದೂ ಸೇರಿ. ಮೊಟ್ಟೆ ಹನ್ನೊಂದು."

ಚೀಟಿ ಬರೆಯುವವರೆಗೂ ಅವಳು ಕಾಯಲಿಲ್ಲ. ನಾದಿನಿಯ ರಟ್ಟೆ ಹಿಡಿದು, "ನಡಿಯೇ, ಮೊದಲು ಮಗೂನ ಡಾಕ್ಟರಿಗೆ ತೋರಿಸೋಣ," ಎನ್ನುತ್ತ ಓಡುನಡಿಗೆಯಲ್ಲಿ ಗೇಟು ದಾಟಿದಳು.