ನೀರು ನೋಡಿದ ಕೈ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಓ, ನೀನಾ! ಇದ್ಯಾವ ನಂಬರು, ಆಫೀಸಿಂದಾ?

...

ಹಾಂ, ಗುಬ್ಬಿ ಚೆನ್ನಾಗಿದಾಳೆ. ಇಲ್ಲೇ ಚಾಪೆ ಮೇಲೆ ಕಾಲಿನ ಹೆಬ್ಬೆರಳು ಚೀಪ್ತಾ ಮಲಗಿದಾಳೆ. ಅವಳಪ್ಪನೇ ಸ್ವಲ್ಪ ಕೆಟ್ಟಿರೋದು.

...

ತಮಾಷೆಗಂದೆ ಕಣೇ. ಕರೆಂಟ್ ಹೋಗಿದೆ, ಫ್ಯಾನಿಲ್ಲ. ಸೆಖೆ ಆದ್ರೆ ನನ್ನ ಗತಿ ಗೊತ್ತಲ್ಲ. ಎಡಗೈ ಒದ್ದೆ ಗೋಣಿಚೀಲದ ಹಾಗೆ ಜೋತುಬಿದ್ದಿದೆ. ಬಲಗಡೆ ಪೂರ್ತಿ ಉರಿ, ಅಂಗಿ ತಾಗಿದ್ರೂ ಮೆಣಸಿನಪುಡಿ ಸವರಿದ ಹಾಗೆ.

...

ಮಾತ್ರೆ ತಗೊಂಡೆ ಅಂದ್ನಲ್ಲ... ಅರ್ಧ. ಬೈಬೇಡ. ಪೂರ್ತಿ ನುಂಗಿದ್ರೆ ಕೂತಲ್ಲೇ ತೂಕಡಿಸ್ತೀನಿ. ಮಗು ಹತ್ರ ನಾನೊಬ್ಬನೇ ಇರೋವಾಗ ನಿದ್ದೆ ಬಂದ್ರೆ?... ಹೌದು, ಡಾಕ್ಟರನ್ನ ಕೇಳದೆ ಕಡಿಮೆ ಮಾಡಬಾರದಿತ್ತು. ಈಗಲೇ ಕೇಳ್ತೀನಿ, ಸರಿನಾ?

...

ನಿಮ್ಮಕ್ಕನಾ? ಸಂಜೆ ಬರ್ತಾರೆ ಅಂದಿದ್ಯಲ್ಲ... ಆಗಲೇ ಹೊರಟಾಯ್ತಾ? ನೋಡು, ಅವರು ನಮ್ಮನ್ನ ನೋಡೋಕೆ ಬರ್ತಿಲ್ಲ, ಗುಬ್ಬೀನ ಕರ್ಕೊಂಡು ಹೋಗೋಕೆ ಬರ್ತಿದಾರೆ. 'ಒಂದೇ ಮನೇಲಿ ಎರಡು ಮಕ್ಕಳನ್ನ ಬಿಟ್ಟು ಕೆಲಸಕ್ಕೆ ಹೋಗ್ತೀಯಾ' ಅಂತ ನನ್ನನ್ನೂ ಮಗು ಲೆಕ್ಕಕ್ಕೆ ಸೇರಿಸಿ ನನ್ನೆದುರಿಗೇ ಅಂದ್ರಲ್ಲ... ಹಾಂ. ಇವತ್ತೊಂದು ದಿನ ನಾನು ಸರಿಯಾಗಿ ನೋಡ್ಕೊಂಡ್ರೆ ಮಗು ಇಲ್ಲೇ ಇರುತ್ತೆ, ಅದೇ ಮಾತು ತಾನೇ? ಹಾಲು ಕುಡಿಸಿದೆ, ಬಟ್ಟೆ ಬದಲಾಯಿಸಿದೆ, ಒಂದೂ ಎಡವಟ್ಟಾಗಿಲ್ಲ. ಈಗ ಸ್ನಾನ. ಪಾಪ, ಮೈಯೆಲ್ಲ ಬೆವರುಗುಳ್ಳೆ ಎದ್ದಿದೆ. ಅಕ್ಕ ಬರೋಷ್ಟರಲ್ಲಿ ಘಮಘಮ ಅಂತಿರಬೇಕು.

...

ನೀರು ಆಗಿದೆ. ಒಲೆ ಮೇಲೆ ಒಂದು ಪಾತ್ರೆ ಕಾಯಿಸಿ ಟಬ್ಬಿಗೆ ಸುರಿದೆ, ನಲ್ಲೀದು ಬೆರೆಸಿದೆ, ಅದೇ... ಏನದು, ಹಿಡಿ ಇರೋದು, ನೀರು ಮೊಗೆಯೋದು... ಹಾಂ, ಮಗ್ಗು! ಈ ಮಾತ್ರೆ ನೋಡು, ಅರ್ಧ ತಗೊಂಡ್ರೂ ಪದ ಪೂರ್ತಿ ನುಂಗುತ್ತೆ.

...

ನೋಡಿದೆ ಮಾರಾಯ್ತಿ! ಕೈ ಹಾಕಿ ನೋಡದೆ ಮಗೂನ ಇಳಿಸ್ತೀನಾ? ಸುಡ್ಲೇ ಇಲ್ಲ.

...

ಯಾವ ಕೈ ಅಂದ್ರೆ?... ಎಡಗೈ. ಎಡಗೈನೇ ಇರಬೇಕು. ಡಾಕ್ಟರು ಹೇಳಿದ್ದು ನನಗೂ ನೆನಪಿದೆ. ಏಣಿಯಿಂದ ಬಿದ್ದು ಕತ್ತಿನ ನರಕ್ಕೆ ಪೆಟ್ಟಾದ ಮೇಲೆ ಬಲಗೈಗೆ ಶಕ್ತಿ ಉಳೀತು, ಬಿಸಿ ಗೊತ್ತಾಗಲ್ಲ. ಎಡಗೈಗೆ ಬಿಸಿ ಗೊತ್ತಾಗುತ್ತೆ, ಶಕ್ತಿ ಇಲ್ಲ. ನೀರು ನೋಡೋದು ಎಡಗೈಲಿ. ಬಾಯಿಪಾಠ ಆಗಿದೆ.

...

ರಬ್ಬರ್ ಬ್ಯಾಂಡಾ?... ನೆನಪಿಗೆ ಅಂತ ನೀನು ಎಡಗೈಗೆ ಹಾಕಿದ್ದಾ... ತೆಗೆದಿಟ್ಟೆ. ಸೆಖೆಗೆ ಕಚ್ತಿತ್ತು.

...

ತಡಿ. ನೆನಪು ಮಾಡ್ಕೋತೀನಿ. ಎಡಗೈ ಮೇಲಕ್ಕೇ ಏಳ್ತಿರಲಿಲ್ಲ. ಮಗ್ಗು ಕೆಳಗಿಟ್ಟೆ, ಇಟ್ಟ ಕೈಯನ್ನೇ ಅದ್ದಿದೆ... ಬಲಗೈ ಕೆಂಪಗಿದೆ. ಮಣಿಕಟ್ಟಿನ ತನಕ ಕೆಂಪಗಿದೆ ಕಣೇ.

...

ಇಲ್ಲ ಇಲ್ಲ, ಅವಳನ್ನ ಇಳಿಸಿಲ್ಲ! ಟವೆಲ್ ತರೋಕೆ ಬಂದೆ, ಅಷ್ಟರಲ್ಲಿ ಫೋನ್ ಹೊಡ್ಕೊಳ್ತು. ನಿನ್ನಾಣೆ, ಚಾಪೆ ಮೇಲಿದಾಳೆ. ಮೈ ಒಣಗೇ ಇದೆ, ನಗ್ತಿದಾಳೆ. ಕೂಗಬೇಡ, ಆಫೀಸಲ್ಲಿದೀಯ... ಇರು, ಸ್ಪೀಕರಲ್ಲಿಟ್ಟು ಬಚ್ಚಲಿಗೆ ಬಂದೆ. ಎಡಗೈನ ಬಲಗೈಲಿ ಎತ್ತಿ ನೀರಿಗೆ... ಅಯ್ಯೋ ಅಮ್ಮಾ!

...

ಸುಡ್ತಿದೆ. ದೊಡ್ಡವರೇ ತಡ್ಕೊಳ್ಳಲ್ಲ. ನಲ್ಲಿ ನೀರು ಅಷ್ಟೊಂದು ಬೆರೆಸಿದೆನಲ್ಲ... ಹೌದಲ್ವಾ, ಈ ಬಿಸಿಲಿಗೆ ಟ್ಯಾಂಕಿನ ನೀರೇ ಕಾದಿರುತ್ತೆ. ಬಿಸಿಗೆ ಬಿಸಿ ಬೆರೆಸಿದೀನಿ. ಏನೂ ಇಲ್ಲದಾಗೆಲ್ಲ ಸುಡ್ತಿದೆ ಅಂತ ಬೊಬ್ಬೆ ಹೊಡೆಯೋ ಕೈ, ನಿಜವಾಗಿ ಸುಟ್ಟಾಗ ಬಾಯೇ ಬಿಡಲಿಲ್ಲ. ನೀನು ಫೋನ್ ಮಾಡದೇ ಇದ್ದಿದ್ರೆ?

...

ಆಯ್ತು, ಕೈಗೆ ಕುಡಿಯೋ ನೀರು ಸುರ್ಕೋತೀನಿ, ಅದು ತಣ್ಣಗಿದೆ. ಅಳಬೇಡ.

...

ಹೇಳಬೇಡ್ವಾ? ಟಬ್ಬು ಬೋರಲು ಹಾಕು, ಅಕ್ಕನಿಗೆ ಗೊತ್ತಾಗೋದು ಬೇಡ ಅಂತೀಯ... ಕೇಳಿಸ್ತಿದೆ. ಗುಬ್ಬಿ ಹೋದ್ರೆ ಈ ಮನೇಲಿ ನಾನು ಯಾವ ಮುಖ ಇಟ್ಕೊಂಡಿರ್ಲಿ, ನನಗೂ ಅವಳು ಇಲ್ಲೇ ಇರಬೇಕು. ಆದ್ರೆ ನಾಳೆ? ನಾಳೆ ಸರಿಯಾದ ಹೊತ್ತಿಗೆ ನಿನ್ನ ಫೋನ್ ಬರುತ್ತಾ?

...

ಇರು, ಬಾಗಿಲು ತಟ್ತಿದಾರೆ. ಅವರೇ. ಬೇಗ ಹೇಳು, ನಾನೀಗ ಏನು... ಹಲೋ?... ಹಲೋ, ಕೇಳಿಸ್ತಿದೆಯಾ? ಹಲೋ?

...

ಬನ್ನಿ ಅಕ್ಕಾ, ಬಾಗಿಲು ದೂಡಿ, ಚಿಲಕ ಹಾಕಿಲ್ಲ... ಅವಳೇ ಇದ್ಲು ಫೋನಲ್ಲಿ, ಕಟ್ಟಾಯ್ತು... ಗುಬ್ಬೀನ ಆಮೇಲೆ ಎತ್ಕೊಳ್ಳಿ. ಮೊದಲು ಈ ಟಬ್ಬಿನ ನೀರಿಗೆ ಒಂದು ಬೆರಳು ಅದ್ದಿ ನೋಡಿ... ಹುಷಾರು, ಸುಡುತ್ತೆ.